ಲುಮುಟ್ ಮತ್ತು ಯಲಹಂಕ: ತಾಲೀಮಿನಲ್ಲಿ ಹೋದ ಜೀವಗಳು



ಆಗಸ್ಟ್ 31ರ ಮೆರ್ಡೆಕಾ ಹಬ್ಬದಂದು ಹೆಲಿಕಾಪ್ಟರುಗಳು ಸಾಲಾಗಿ ಹಾರಿಹೋಗುವಾಗ ನಮ್ಮ ಮಕ್ಕಳು ಕೈಬೀಸಿ ಕೂಗುತ್ತಾರೆ. ನಾವೂ ತಲೆಯೆತ್ತಿ ನೋಡುತ್ತೇವೆ. ಆ ಎರಡು ನಿಮಿಷದ ನೋಟಕ್ಕೆ ಎಷ್ಟೋ ದಿನಗಳ ತಾಲೀಮು ಬೇಕು. ಆ ತಾಲೀಮಿನಲ್ಲೇ ಪ್ರಾಣ ತೆತ್ತವರನ್ನು ಇಲ್ಲಿ ನೆನೆಯೋಣ.

ಮಲೇಷ್ಯಾದ ನೌಕಾಪಡೆ ತನ್ನ ಹುಟ್ಟನ್ನು 1934ರ ಏಪ್ರಿಲ್ 27ರಿಂದ ಎಣಿಸುತ್ತದೆ. ಅದರ ತೊಂಬತ್ತನೆಯ ವರ್ಷದ ಸಂಭ್ರಮಕ್ಕೆ ಪೆರಾಕ್ ರಾಜ್ಯದ ಲುಮುಟ್ ನೌಕಾನೆಲೆಯಲ್ಲಿ ತಾಲೀಮು ನಡೆದಿತ್ತು. 2024ರ ಏಪ್ರಿಲ್ 23ರ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಎರಡು ಹೆಲಿಕಾಪ್ಟರುಗಳು ಆಕಾಶದಲ್ಲೇ ಒಂದಕ್ಕೊಂದು ತಗುಲಿ ಬಿದ್ದವು. ಎಡಬ್ಲ್ಯೂ 139ರಲ್ಲಿ ಏಳು ಮಂದಿ, ಫೆನೆಕ್‌ನಲ್ಲಿ ಮೂವರಿದ್ದರು. ಹತ್ತು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ನಮ್ಮ ಬೆಂಗಳೂರಿಗೂ ಈ ನೋವು ಹೊಸದಲ್ಲ. 2007ರ ಫೆಬ್ರವರಿಯಲ್ಲಿ ಏರೋ ಇಂಡಿಯಾ ಪ್ರದರ್ಶನದ ತಾಲೀಮಿನ ವೇಳೆ ವಾಯುಪಡೆಯ ಸಾರಂಗ್ ತಂಡದ ಧ್ರುವ ಹೆಲಿಕಾಪ್ಟರ್ ಯಲಹಂಕದಲ್ಲಿ ಬಿದ್ದು ಒಬ್ಬ ಪೈಲಟ್ ತೀರಿಕೊಂಡರು. ಧ್ರುವ ನಮ್ಮ ಎಚ್.ಎ.ಎಲ್.ನಲ್ಲೇ ತಯಾರಾದದ್ದು. 2019ರ ಫೆಬ್ರವರಿ 19ರಂದು ಅದೇ ಯಲಹಂಕದಲ್ಲಿ, ಅಂಥದೇ ತಾಲೀಮಿನಲ್ಲಿ, ಸೂರ್ಯಕಿರಣ ತಂಡದ ಎರಡು ಜೆಟ್‌ಗಳು ಡಿಕ್ಕಿಯಾದವು. ಮೂವರು ಪೈಲಟ್‌ಗಳಲ್ಲಿ ಇಬ್ಬರು ಆಸನದ ಸಮೇತ ಹೊರಚಿಮ್ಮಿ ಪ್ಯಾರಾಚೂಟಿನಿಂದ ಬದುಕಿದರು.

ಲುಮುಟ್‌ನವರಿಗೆ ಆ ದಾರಿ ಇರಲಿಲ್ಲ. ತಲೆಯ ಮೇಲೆ ರೆಕ್ಕೆ ತಿರುಗುತ್ತಿರುವಾಗ ಹೊರಚಿಮ್ಮುವುದು ಹೇಗೆ? ಎಂಜಿನ್ ನಿಂತರೆ, ಕೆಳಗಿನಿಂದ ನುಗ್ಗುವ ಗಾಳಿಗೆ ರೆಕ್ಕೆ ತಾನೇ ತಿರುಗಿ ಹೆಲಿಕಾಪ್ಟರನ್ನು ಇಳಿಸಬಲ್ಲದು. ಆದರೆ ರೆಕ್ಕೆಯೇ ಮುರಿದರೆ ಅದೂ ಇಲ್ಲ. ಆದ್ದರಿಂದ ಹತ್ತಿರ ಹತ್ತಿರ ಹಾರುವಾಗ ಎತ್ತರ ಮತ್ತು ಅಂತರ, ಇವೆರಡೇ ಕಾಪಾಡುವ ದೇವರು.

ಇಂಥ ಸುದ್ದಿ ಬಂದಾಗ “ಹಳೇ ಯಂತ್ರ” ಎಂದು ನಾವು ಬೇಗ ಹೇಳಿಬಿಡುತ್ತೇವೆ. 1968ರಲ್ಲಿ ಇಲ್ಲಿನ ವಾಯುಪಡೆಗೆ ಬಂದ ನೂರಿ ಹೆಲಿಕಾಪ್ಟರುಗಳ ವಿಷಯದಲ್ಲಿ ಈ ಮಾತು ಬಹಳ ಕೇಳಿಬಂತು. 2007ರ ಜುಲೈ 13ರಂದು ಗೆಂಟಿಂಗ್ ಸೆಂಪಾ ಬಳಿ ಒಂದು ನೂರಿ ಬಿದ್ದು ಆರು ಮಂದಿ ಸತ್ತರು. 2020ರಲ್ಲಿ ನೂರಿಗೆ ನಿವೃತ್ತಿಯಾಯಿತು. ಆದರೆ ಲುಮುಟ್ ತನಿಖೆಯಲ್ಲಿ ಯಂತ್ರದೋಷ ಕಾಣಲಿಲ್ಲ. ನಿಗದಿಯಾದ ಎತ್ತರ ಮತ್ತು ದಾರಿ ತಪ್ಪಿತ್ತು, ಅಷ್ಟೇ. ಹೊಸ ಯಂತ್ರ ಕೊಂಡ ಮಾತ್ರಕ್ಕೆ ಸುರಕ್ಷತೆ ಬರುವುದಿಲ್ಲ. ಹಾರುವ ಮೊದಲು ಯಾರು ಎಲ್ಲಿರಬೇಕೆಂದು ಕೂತು ಮಾತಾಡುವುದು, ಸಂಶಯ ಬಂದರೆ ಕಿರಿಯನೂ “ಸಾಕು, ನಿಲ್ಲಿಸಿ” ಎನ್ನಬಲ್ಲಂತಿರುವುದು, ಸ್ವಲ್ಪದರಲ್ಲಿ ತಪ್ಪಿದ ಅಪಾಯವನ್ನೂ ಮುಚ್ಚಿಡದೆ ಹೇಳುವುದು, ಇವು ಬೇಕು.

ನೋಡುವವರಾದ ನಮ್ಮ ಪಾಲೂ ಇದರಲ್ಲಿದೆ. ಮುಂದಿನ ಮೆರ್ಡೆಕಾದಂದು ಹೆಲಿಕಾಪ್ಟರುಗಳು ದೂರ ದೂರ ಹಾರಿದರೆ, ಅಥವಾ ಹವೆ ಸರಿಯಿಲ್ಲವೆಂದು ಹಾರಾಟವೇ ರದ್ದಾದರೆ, ಮಕ್ಕಳೆದುರು ಗೊಣಗುವುದು ಬೇಡ. ಎಲ್ಲರೂ ಮನೆ ಸೇರಿದರಲ್ಲ ಎಂದು ಸಂತೋಷಪಡೋಣ.