ದಫ್ತರವಿದ್ದಲ್ಲಿಗೆ ಹೋಗಿ

ಹಳೆಯ ಕಾಗದಪತ್ರಗಳ ಕೆಲಸವೆಂದರೆ ಪತ್ರಾಗಾರದ ತಣ್ಣನೆಯ ಕೋಣೆಯಲ್ಲಿ ಕುಳಿತು ಮಾಡುವುದೆಂದು ಬಹಳ ಜನ ತಿಳಿದಿದ್ದಾರೆ. ಧಾರವಾಡದ ಸುತ್ತಿನ ಹಳ್ಳಿಗಳಲ್ಲಿ ಒಂದು ಮೊಬೈಲು, ಒಂದು ಕಪ್ಪು ಬಟ್ಟೆ ಹಿಡಿದುಕೊಂಡು ತಿರುಗುವ ನನ್ನಂಥವರಿಗೆ ಕಾಣುವುದು ಬೇರೆ. ಕುಲಕರ್ಣಿಗಳ, ದೇಸಾಯರ, ಮಠಗಳ, ವ್ಯಾಪಾರಿಗಳ ದಫ್ತರಗಳು ಇನ್ನೂ ಮನೆಗಳಲ್ಲೇ ಇವೆ. ಬಟ್ಟೆಯ ಗಂಟಿನಲ್ಲಿ, ತಗಡಿನ ಟ್ರಂಕಿನಲ್ಲಿ, ದೇವರ ಮನೆಯ ಗೂಡಿನಲ್ಲಿ ಇವೆ. ಅವು ಕಚೇರಿಗೆ ಬರುವುದಿಲ್ಲ. ನಾವೇ ಹೋಗಬೇಕು.

ಹೀಗೆ ಹೋಗಿ ನಕಲು ಮಾಡುವುದು ಹೊಸ ಕಸುಬೇನೂ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯುವ ಹೊಣೆ ಕಾಲಿನ್ ಮೆಕೆಂಜಿಯ ಪಾಲಿಗೆ ಬಂತು. ಅವನು ನೆಲವನ್ನಷ್ಟೇ ಅಳೆಸಲಿಲ್ಲ. ಊರೂರಿನ ಚರಿತ್ರೆಯನ್ನೂ ಬರೆಸಿಕೊಂಡ. ಅವನ ಕಚೇರಿಯೆಂದರೆ ಬಹುಮಟ್ಟಿಗೆ ಡೇರೆ. ನಿಜವಾದ ಕೆಲಸ ಮಾಡಿದವರು ಕಾವಲಿ ವೆಂಕಟ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಹಳಗನ್ನಡ ಶಾಸನಗಳನ್ನು ಓದಬಲ್ಲ ಜೈನ ಪಂಡಿತ ಧರ್ಮಯ್ಯ ಮೊದಲಾದವರು. ಶಾನುಭೋಗರ ಮನೆಗೆ ಹೋಗಿ, ಒಳ್ಳೆಯ ಮಾತಾಡಿ, ಕಡತ ಬಿಚ್ಚಿಸಿ, ಅಲ್ಲೇ ಕುಳಿತು ಬರೆದುಕೊಳ್ಳುವುದು ಅವರ ಕ್ರಮ. ಬೋರಯ್ಯ 1803ರಲ್ಲಿ ತೀರಿಕೊಂಡ, ಕೆಲಸ ನಿಲ್ಲಲಿಲ್ಲ. 1821ರಲ್ಲಿ ಮೆಕೆಂಜಿ ಕಲ್ಕತ್ತೆಯಲ್ಲಿ ಸತ್ತಾಗ ಉಳಿದ ರಾಶಿ ಕ್ರಮೇಣ ಹರಿದು ಹಂಚಿಹೋಗಿ, ಈಗ ಒಂದಷ್ಟು ಲಂಡನ್ನಿನಲ್ಲಿ, ಒಂದಷ್ಟು ಚೆನ್ನೈಯಲ್ಲಿ ಇದೆ. ಅದರೊಳಗಿನ ಕನ್ನಡ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿತು. ನಕಲು ಉಳಿದು ಮೂಲ ಹೋದದ್ದು ಆ ರಾಶಿಯಲ್ಲಿ ಬಹಳ.

ಬೋರಯ್ಯನಿಗೆ ಎದುರಾದ ಸಂಶಯ ನಮಗೂ ಎದುರಾಗುತ್ತದೆ. ಬರೆದುಕೊಂಡು ಹೋಗಿ ಏನು ಮಾಡುತ್ತೀರಿ ಎಂಬುದೇ ಮೊದಲ ಪ್ರಶ್ನೆ. ಇದನ್ನು ಹಳ್ಳಿಯವರ ಅಜ್ಞಾನ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮುಂಬಯಿ ಸರಕಾರದ ಕೈಕೆಳಗಿದ್ದ ನಮ್ಮ ಭಾಗದಲ್ಲಿ ಇನಾಮು ಕಮಿಷನ್ ಎಂಬುದೊಂದಿತ್ತು. 1852ರ 11ನೆಯ ಕಾಯಿದೆ ಅದಕ್ಕೆ ಪೂರ್ತಿ ಬಲ ಕೊಟ್ಟಿತು. ಇನಾಮು ಭೂಮಿ ಉಣ್ಣುವವನು ತನ್ನ ಸನದು ತೋರಿಸಿ ಹಕ್ಕು ಸಾಧಿಸಬೇಕು. ತೋರಿಸಲಾರದವನ ಭೂಮಿಗೆ ಕಂದಾಯ ಬೀಳುತ್ತಿತ್ತು. ತಲೆಮಾರುಗಳ ಹಿಂದಿನ ಕಾಗದವನ್ನು ಗೆದ್ದಲು, ಬೆಂಕಿ, ಪೇಶವೆ ಕಾಲದ ಓಡಾಟ ಇವುಗಳಿಂದ ಉಳಿಸಿಕೊಂಡವರೆಷ್ಟು ಜನ? ಸಾವಿರಾರು ಇನಾಮುಗಳು ಹೋದವು. ಕಾಗದ ಕೇಳಲು ಬಂದವನು ಹೊಲವನ್ನೇ ಕೇಳಲು ಬಂದವನು ಎಂಬ ತಿಳಿವಳಿಕೆ ಈ ಮನೆಗಳಲ್ಲಿ ಬಂದದ್ದು ಹೀಗೆ. ‘ಕಚೇರಿಗೆ ತಂದುಕೊಡಿ, ಸ್ಕ್ಯಾನ್ ಮಾಡಿ ಮರಳಿಸುತ್ತೇವೆ’ ಎಂದರೆ ಅವರು ತಲೆಯಾಡಿಸಿ, ಚಹಾ ಕೊಟ್ಟು ಕಳಿಸಿಬಿಡುತ್ತಾರೆ.

ಸ್ಥಳಕ್ಕೆ ಹೋದರೆ ಏನು ಸಿಕ್ಕೀತು ಎಂಬುದಕ್ಕೆ ಶೃಂಗೇರಿ ಒಳ್ಳೆಯ ಸಾಕ್ಷಿ. 1791ರಲ್ಲಿ ಮರಾಠರ ದಂಡು ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಸುಲ್ತಾನ ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು ಮಠದಲ್ಲೇ ಇದ್ದವು. ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಅವನ್ನು ಬೆಳಕಿಗೆ ತಂದರು. ಕಚೇರಿಯಲ್ಲಿ ಕಾದು ಕುಳಿತಿದ್ದರೆ ಅವು ಬರುತ್ತಿರಲಿಲ್ಲ.

ಯಂತ್ರದ ಕಥೆ ಗಿಡ್ಡದು. 1957ರಲ್ಲಿ ಅಮೆರಿಕದ ರಸೆಲ್ ಕಿರ್ಷ್ ತನ್ನ ಮೂರು ತಿಂಗಳ ಮಗನ ಚಿತ್ರವನ್ನು 176 ಚುಕ್ಕೆ ಉದ್ದ, 176 ಚುಕ್ಕೆ ಅಗಲವಾಗಿ ಕಂಪ್ಯೂಟರಿಗೆ ಇಳಿಸಿದ. ಅಲ್ಲಿಂದ ಸ್ಕ್ಯಾನರು ಮೇಜನ್ನು ಬಿಟ್ಟು ಜೇಬಿಗೆ ಬರಲು ಅರ್ಧ ಶತಮಾನ ಬೇಕಾಯಿತು. ನಮ್ಮಲ್ಲಿ ಜನಕ್ಕೆ ಗಣಕೀಕರಣದ ಪರಿಚಯವಾದದ್ದು ‘ಭೂಮಿ’ಯಿಂದ: ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು. ಆದರೆ ಅದು ಕೈಬರಹ ನೋಡಿ ಅಕ್ಷರ ತುಂಬಿದ್ದು, ಕಾಗದದ ಚಿತ್ರವಲ್ಲ. ತುಂಬುವಾಗ ಹೆಸರು ತಪ್ಪಿದರೆ ರೈತ ತಿದ್ದುಪಡಿಗೆ ಅಲೆಯಬೇಕು. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನೇ ಚಿತ್ರವಾಗಿಸುವ ಕೆಲಸ 2024ರಲ್ಲಿ ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ಮೊದಲಾಯಿತು. ಒಳ್ಳೆಯದೇ. ಮನೆಯ ದಫ್ತರ ಮಾತ್ರ ಅದರ ಲೆಕ್ಕಕ್ಕೆ ಬರುವುದಿಲ್ಲ.

ಮೊಬೈಲಿನಲ್ಲಿ ಕಾಗದ ಹಿಡಿಯುವುದು ಸುಲಭವೆಂದು ಕಾಣುತ್ತದೆ, ಆದರೆ ಅದಕ್ಕೂ ಒಂದು ಮರ್ಯಾದೆಯಿದೆ. ಪಡಸಾಲೆಯ ಬಾಗಿಲ ಬಳಿ, ಬಿಸಿಲು ನೇರ ಬೀಳದ ಕಡೆ ಕಪ್ಪು ಬಟ್ಟೆ ಹಾಸಬೇಕು. ಫ್ಲ್ಯಾಶ್ ಬೇಡ. ಪಕ್ಕಕ್ಕೊಂದು ಅಳತೆಪಟ್ಟಿ ಇಡಬೇಕು. ಮಡಿಕೆಯನ್ನು ಒತ್ತಬಾರದು, ಒತ್ತಿದರೆ ಅಲ್ಲೇ ಬಿರಿಯುತ್ತದೆ. ಹಿಂಬದಿಯನ್ನು ತಪ್ಪದೆ ಹಿಡಿಯಬೇಕು. ಯಾರ ಕೈಗೆ ಮುಟ್ಟಿತು, ಯಾವ ತಿಥಿಗೆ ಎಂಬುದು ಎಷ್ಟೋ ಸಲ ಅಲ್ಲೇ ಇರುತ್ತದೆ.

ಸ್ಕ್ಯಾನ್ ಮಾಡುವ ಆ್ಯಪ್‌ಗಳ ಬಗ್ಗೆ ನನಗೊಂದು ತಕರಾರಿದೆ. ಅವು ಕಾಗದವನ್ನು ‘ಶುದ್ಧ’ ಮಾಡುತ್ತವೆ. ಬಿಲ್ಲು, ರಸೀದಿಗಳಿಗೆ ಅದು ಸರಿ. ಆದರೆ ಅರಿಸಿನದ ಗುರುತು ಅವಕ್ಕೆ ಕೊಳೆ; ತೆಳುವಾದ ಕೆಂಪು ಮಸಿ, ಮಾಸಿದ ಮುದ್ರೆ, ಕಾಗದದೊಳಗಿನ ನೀರುಗುರುತು ಎಲ್ಲವೂ ಕೊಳೆ. ಅರಿಸಿನ ಬಿದ್ದ ಪತ್ರ ಪೂಜೆಗೆ ಇಟ್ಟದ್ದೋ ಮದುವೆಯದೋ ಎಂದು ನಾವು ಊಹಿಸುವುದು ಆ ಕಲೆಯಿಂದಲೇ. ಇನ್ನು ಕಡತದ ಪಾಡು ಕೇಳಲೇಬೇಡಿ. ಹುಣಿಸೆಬೀಜದ ಅಂಟಿಗೆ ಇದ್ದಿಲು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಬಳಪದಿಂದ ಬರೆದದ್ದು ಕಡತ. ಅದು ಕಪ್ಪಿನ ಮೇಲೆ ಬಿಳಿ. ಬಿಳಿಯ ಮೇಲೆ ಕಪ್ಪೇ ಬರವಣಿಗೆಯೆಂದು ನಂಬಿದ ಆ್ಯಪ್ ಅದನ್ನು ಕಂಡು ಗಲಿಬಿಲಿಗೊಳ್ಳುತ್ತದೆ. ಆದ್ದರಿಂದ ನಾನು ಸಾದಾ ಕ್ಯಾಮೆರಾದಲ್ಲೇ ಬಣ್ಣದ ಚಿತ್ರ ತೆಗೆಯುತ್ತೇನೆ. ಇನ್ನೊಂದು ಕಾರಣವೂ ಇದೆ. 2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಒಂದೇ ದಿನ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಬಹಳ ಜನ ಬಳಸುತ್ತಿದ್ದ ಕ್ಯಾಮ್‌ಸ್ಕ್ಯಾನರ್ ಕೂಡ ಅದರಲ್ಲಿತ್ತು. ಇನ್ನೂರು ವರ್ಷದ ಕಾಗದವನ್ನು ಒಂದು ಕಂಪನಿಯ ಪೆಟ್ಟಿಗೆಯೊಳಗೆ ಇಡುವುದು ಜಾಣತನವಲ್ಲ.

ಬ್ರಿಟಿಷ್ ಲೈಬ್ರರಿ 2004ರಲ್ಲಿ ಆರಂಭಿಸಿದ ಅಪಾಯದಲ್ಲಿರುವ ದಾಖಲೆಗಳ ಯೋಜನೆಗೆ ಒಂದು ನಿಯಮವಿದೆ: ಮೂಲಪ್ರತಿ ತನ್ನ ದೇಶ ಬಿಡಬಾರದು, ಪ್ರತಿ ಮಾತ್ರ ಹೊರಗೆ ಹೋಗಬೇಕು. ಮೆಕೆಂಜಿಯ ರಾಶಿಯಲ್ಲಿ ಒಂದು ಪಾಲನ್ನು ಇಟ್ಟುಕೊಂಡ ಲೈಬ್ರರಿಯೇ ಈ ನಿಯಮ ಮಾಡಿರುವುದು ನೋಡಿ. ನಾನು ಅದನ್ನು ಇನ್ನಷ್ಟು ಬಿಗಿ ಮಾಡಿಕೊಂಡಿದ್ದೇನೆ. ಕಾಗದ ಮನೆಯ ಹೊಸ್ತಿಲನ್ನೂ ದಾಟಬಾರದು; ಚಿತ್ರದ ಮೊದಲ ಪ್ರತಿ ಮನೆಯವರ ಮೊಬೈಲಿಗೆ, ಆಮೇಲೆ ನನಗೆ.

ಹೋದ ಬೇಸಿಗೆಯಲ್ಲಿ ನವಲಗುಂದದ ಕಡೆಯ ಒಂದು ಮನೆಯಲ್ಲಿ ಮೂರು ಗಂಟು ಬಿಚ್ಚಿದೆವು. ಒಂದು ಪೂರ್ತಿ ಗೆದ್ದಲ ಮಣ್ಣಾಗಿತ್ತು. ಉಳಿದೆರಡರಲ್ಲಿ ಮೋಡಿ ಲಿಪಿಯ ನಾನೂರಕ್ಕೂ ಹೆಚ್ಚು ಹಾಳೆಗಳು. ಮನೆಯ ಯಜಮಾನರಿಗೆ ಮೋಡಿ ಬರುವುದಿಲ್ಲ. ಅವರ ಅಜ್ಜನಿಗೆ ಬರುತ್ತಿತ್ತು. ಮಳೆಗಾಲದಲ್ಲಿ ಅವರ ಸೊಸೆ ನನಗೊಂದು ಹಾಳೆಯ ಚಿತ್ರ ಕಳಿಸಿ, ಮೂರನೆಯ ಸಾಲಿನಲ್ಲಿ ಏನಿದೆ ಎಂದು ಕೇಳಿದರು. ಬಾವಿಯ ನೀರಿನ ಪಾಲು, ಹಿರಿಯವನಿಗೆ ಎರಡು ದಿನ, ಕಿರಿಯವನಿಗೆ ಎರಡು ದಿನ ಎಂದಿತ್ತು. ನಾಲ್ಕನೆಯ ಸಾಲನ್ನೂ ಓದಿ ಹೇಳಿ ಎಂದರು. ಅದರ ಅರ್ಧ ಹುಳ ತಿಂದಿತ್ತು.