ಒಂದು ರೂಪಾಯಿ ಪ್ಯಾಕೆಟ್ಟಿನ ಲೆಕ್ಕ ಯಾರ ಹತ್ತಿರ ಇದೆ?

ನಮ್ಮ ಊರುಗಳ ಅಂಗಡಿ ಬಾಗಿಲಲ್ಲಿ ಸರದ ಹಾಗೆ ತೂಗುವ ಶಾಂಪೂ ಪ್ಯಾಕೆಟ್ಟಿಗೂ ಒಂದು ಇತಿಹಾಸವಿದೆ. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಅವರು, ಬಾಟಲಿ ಕೊಳ್ಳಲಾಗದವರಿಗೂ ಶಾಂಪೂ ಸಿಗಲಿ ಎಂದು ಅದನ್ನು ಚಿಕ್ಕ ಪ್ಯಾಕೆಟ್ಟಿನಲ್ಲಿ ತುಂಬಿ ಮಾರಿದರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಸ್ವಂತ ಕಂಪನಿ ಕಟ್ಟಿ ಚಿಕ್ ಶಾಂಪೂ ತಂದರು. ಕೂಲಿ ಮಾಡುವವರ ಕೈಗೂ ಅದು ಎಟುಕಿತು. ಅದನ್ನು ಹಳಿಯಲು ನಮಗೆ ಮನಸ್ಸಿಲ್ಲ.

ಆಮೇಲೆ ದೊಡ್ಡ ಕಂಪನಿಗಳೂ ಅದೇ ದಾರಿ ಹಿಡಿದವು. ಟೀಪುಡಿ, ಉಪ್ಪಿನಕಾಯಿ, ಗುಟ್ಕಾ ಎಲ್ಲವೂ ಪ್ಯಾಕೆಟ್ಟಿಗೆ ಬಂದವು. ಪ್ಯಾಕೆಟ್ಟಿನ ಮೇಲೆ ಬೆಲೆ, ತೂಕ, ತಯಾರಾದ ತಿಂಗಳು ಇರುತ್ತದೆ. ವರ್ಷಕ್ಕೆ ಒಟ್ಟು ಎಷ್ಟು ಪ್ಲಾಸ್ಟಿಕ್ ಹೊರಗೆ ಬಿಟ್ಟೆವು ಎಂಬುದು ಮಾತ್ರ ಕಂಪನಿಯ ಒಳಗಿನ ಮಾತಾಗಿಯೇ ಉಳಿಯಿತು.

ಹೊರದೇಶದಲ್ಲೂ ಇದೇ ಕಥೆ. ಬ್ರಿಟನ್ನಿನ ಎಲೆನ್ ಮ್ಯಾಕ್‌ಆರ್ಥರ್ ಫೌಂಡೇಶನ್ ಬೆನ್ನುಹತ್ತಿದ ಮೇಲೆ, 2019ರ ಮಾರ್ಚ್‌ನಲ್ಲಿ ಕೋಕಾ-ಕೋಲಾ ಮೊದಲ ಸಲ ಬಾಯಿಬಿಟ್ಟಿತು: 2017ರಲ್ಲಿ ಬಳಸಿದ್ದು 30 ಲಕ್ಷ ಟನ್. ಹತ್ತು ಟನ್ನಿನ ಲಾರಿಗೆ ತುಂಬಿದರೆ 3 ಲಕ್ಷ ಲೋಡ್! ನೆಸ್ಲೆ 17 ಲಕ್ಷ ಟನ್ ಎಂದಿತು. ಪೆಪ್ಸಿಕೋ ಆ ಸಲ ಅಂಕಿ ಕೊಡಲಿಲ್ಲ.

ನಮ್ಮ ದೇಶದಲ್ಲಿ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಮೊದಲ ಸಲ ಹಳ್ಳಿಗಳಿಗೂ ಅನ್ವಯವಾದವು. ಊರಿನ ಪ್ಲಾಸ್ಟಿಕ್ ಕಸದ ಹೊಣೆ ಗ್ರಾಮ ಪಂಚಾಯಿತಿ ಹೆಗಲಿಗೆ ಬಿತ್ತು. ತಮ್ಮ ಪ್ಯಾಕೆಟ್ ವಾಪಸ್ ಸಂಗ್ರಹಿಸುವ ಹೊಣೆ ಕಂಪನಿಗಳದ್ದು ಎಂದೂ ಅದೇ ನಿಯಮ ಹೇಳಿತು. ಆದರೆ ಯಾರು ಎಷ್ಟು ಪಾಲು ಎಂಬ ಗುರಿ ಬಂದದ್ದು 2022ರ ಫೆಬ್ರವರಿಯಲ್ಲಿ. ಅಲ್ಲಿಂದೀಚೆಗೆ ಕಂಪನಿಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ವರ್ಷಕ್ಕೊಮ್ಮೆ ಟನ್ ಲೆಕ್ಕ ಕೊಡಬೇಕು. ತಾವೇ ಕಸ ಆಯಬೇಕಿಲ್ಲ. ಮರುಬಳಕೆ ಘಟಕಗಳಿಂದ ‘ಇಷ್ಟು ಟನ್ ಕರಗಿಸಿದ್ದೇವೆ’ ಎಂಬ ಪ್ರಮಾಣಪತ್ರ ಕೊಂಡರೂ ನಡೆಯುತ್ತದೆ.

ಕಾಗದಕ್ಕೆ ಬೆಲೆ ಬಂದ ಮೇಲೆ ಖೋಟಾ ಕಾಗದವೂ ಬಂತು. 2023ರಲ್ಲಿ ಮಂಡಳಿ ತಪಾಸಣೆ ಮಾಡಿದಾಗ, ಬೆರಳೆಣಿಕೆಯ ಘಟಕಗಳಿಂದಲೇ ಸುಮಾರು 6 ಲಕ್ಷ ಖೋಟಾ ಪ್ರಮಾಣಪತ್ರ ಹೊರಬಿದ್ದವು. ಗುಜರಾತ್, ಮಹಾರಾಷ್ಟ್ರದ ಜತೆ ಕರ್ನಾಟಕದ ಹೆಸರೂ ಅದರಲ್ಲಿತ್ತು. ಕರಗದ ಪ್ಲಾಸ್ಟಿಕ್ ಲೆಕ್ಕದಲ್ಲಿ ಕರಗಿಹೋಗಿತ್ತು.

ಇತ್ತ ಪಂಚಾಯಿತಿಯ ಸ್ವಚ್ಛ ಸಂಕೀರ್ಣದಲ್ಲಿ ಸ್ವಸಹಾಯ ಸಂಘದ ಅಕ್ಕಂದಿರು ಕಸ ಬೇರ್ಪಡಿಸುತ್ತಾರೆ. ಹಾಲಿನ ಕವರು, ನೀರಿನ ಬಾಟಲಿ ಗುಜರಿಗೆ ಹೋಗಿ ನಾಲ್ಕು ಕಾಸು ತರುತ್ತವೆ. ಒಳಗೆ ಬೆಳ್ಳಿ ಬಣ್ಣ ಹೊಳೆಯುವ ಪ್ಯಾಕೆಟ್ ಮಾತ್ರ ಗುಜರಿಯವರಿಗೆ ಬೇಡ. ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಪದರ ಅಂಟಿಸಿರುತ್ತಾರೆ, ಬಿಡಿಸುವ ಖರ್ಚು ಹುಟ್ಟುವುದಿಲ್ಲ. ಕೊನೆಗೆ ಅದು ತಿಪ್ಪೆಗೆ, ಇಲ್ಲವೇ ಬೆಂಕಿಗೆ. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ಪಟ್ಟಿಯಲ್ಲಿ ಸ್ಟ್ರಾ, ಚಮಚ, ಪ್ಲಾಸ್ಟಿಕ್ ಕಡ್ಡಿಯ ಕಿವಿಕಡ್ಡಿ ಇದ್ದವು. ಶಾಂಪೂ ಪ್ಯಾಕೆಟ್ ಇರಲಿಲ್ಲ.

ಹೊಣೆ ಪಂಚಾಯಿತಿಗೆ ಬಂದು ವರ್ಷಗಳೇ ಆದವು. ಯಾವ ಕಂಪನಿ ನಮ್ಮ ಹೋಬಳಿಗೆ ಎಷ್ಟು ಪ್ಯಾಕೆಟ್ ಇಳಿಸಿತು ಎಂಬ ಲೆಕ್ಕ ಪಿಡಿಒ ಮೇಜಿಗೆ ಇನ್ನೂ ಬಂದಿಲ್ಲ.