ಚೇಳುಗಳ ವರ್ಗೀಕರಣ: ಪುಣೆಯಲ್ಲಿ ನಡೆದ ಅಧ್ಯಯನದ ಇತಿಹಾಸ

ಜೇಡಗಳ ಬಳಗಕ್ಕೆ ಸೇರಿದ ಚೇಳುಗಳಲ್ಲಿ ಈವರೆಗೆ 2,500ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಅಂಟಾರ್ಕ್ಟಿಕಾ ಬಿಟ್ಟು ಉಳಿದೆಲ್ಲ ಖಂಡಗಳಲ್ಲೂ ಇವು ಸಹಜವಾಗಿ ನೆಲೆಸಿವೆ. ಮಳೆ ಹೆಚ್ಚಿರುವ ಸಹ್ಯಾದ್ರಿಯೂ ಒಣ ದಖ್ಖನ್ ಪ್ರಸ್ಥಭೂಮಿಯೂ ಕೂಡುವೆಡೆ ಇರುವ ಪುಣೆ ಜಿಲ್ಲೆಯಲ್ಲಿ ಕಲ್ಲಿನಡಿಯ ಕೆಂಪು ಚೇಳು, ಬಿಲ ತೋಡುವ ಕರಿಚೇಳು, ಬಂಡೆಯ ಬಿರುಕಿನಲ್ಲಿ ಅಡಗುವ ಚಪ್ಪಟೆ ಮೈಯ ಚೇಳು ಮೂರೂ ಸಿಗುತ್ತವೆ. ಮರಾಠಿಯಲ್ಲಿ ಚೇಳಿಗೆ ವಿಂಚೂ ಎಂದೂ ದೊಡ್ಡ ಕರಿಚೇಳಿಗೆ ಇಂಗಳಿ ಎಂದೂ ಹೆಸರು.

ಲಿನೇಯಸ್ 1758ರಲ್ಲಿ ಬೆರಳೆಣಿಕೆಯಷ್ಟು ಚೇಳುಗಳನ್ನು ಹೆಸರಿಸಿದ. ಭಾರತದ ಕೆಂಪು ಚೇಳಿಗೆ 1798ರಲ್ಲಿ ‘ಟಾಮುಲಸ್’ ಎಂಬ ಹೆಸರು ಕೊಟ್ಟವನು ಫ್ಯಾಬ್ರಿಷಿಯಸ್. ಇಲ್ಲಿಂದ ಹೋದ ಮಾದರಿಗಳನ್ನು ಲಂಡನ್ನಿನಲ್ಲಿ ಕುಳಿತು ಪರೀಕ್ಷಿಸಿದ ಆರ್. ಐ. ಪೊಕಾಕ್‌ನ ಗ್ರಂಥ 1900ರಲ್ಲಿ ಬಂತು.

ಅಧ್ಯಯನ ನೆಲಕ್ಕಿಳಿದದ್ದು ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಪುಣೆ ಕೇಂದ್ರದಿಂದ. ಬಿ. ಕೆ. ಟಿಕಾದರ್ ಮತ್ತು ಡಿ. ಬಿ. ಬಸ್ತವಾಡೆ ಅವರ ಸಂಪುಟ 1983ರಲ್ಲಿ ಪ್ರಕಟವಾಗಿ, ಭಾರತದ ಚೇಳುಗಳಿಗೆ ಇಂದಿಗೂ ಆಧಾರಗ್ರಂಥವಾಗಿದೆ. ಬಣ್ಣ, ಗಾತ್ರಗಳನ್ನಷ್ಟೇ ನಂಬಿದರೆ ಗುರುತು ತಪ್ಪುತ್ತದೆ. ಹೊಟ್ಟೆಯಡಿ ಬಾಚಣಿಗೆಯಂತಿರುವ ಜೋಡಿ ಅಂಗದ ಹಲ್ಲುಗಳನ್ನು ಎಣಿಸಬೇಕು. ಇಕ್ಕಳದ ಮೇಲೆ ಗಾಳಿಯ ಅಲುಗಾಟ ಗ್ರಹಿಸುವ ರೋಮಗಳು ಎಲ್ಲೆಲ್ಲಿವೆ ಎಂದು ಗುರುತಿಸಬೇಕು. ನೇರಳಾತೀತ ಬೆಳಕು ಬಿದ್ದರೆ ಚೇಳಿನ ಮೈ ಹಸಿರು-ನೀಲಿಯಾಗಿ ಹೊಳೆಯುವುದರಿಂದ ಈಗ ಹುಡುಕಾಟ ಹೆಚ್ಚಾಗಿ ರಾತ್ರಿಯಲ್ಲೇ ನಡೆಯುತ್ತದೆ.

ಗೊಂದಲ ಹೆಚ್ಚಿರುವುದು ಕೆಂಪು ಚೇಳಿನ ವಿಷಯದಲ್ಲಿ. ಕೊಂಕಣ, ಗುಜರಾತ್, ಗಂಗಾ ಬಯಲುಗಳ ಹೆಸರಿನಲ್ಲಿ ಪೊಕಾಕ್ ಇದರ ಉಪಪ್ರಭೇದಗಳನ್ನು ಗುರುತಿಸಿದ್ದ. 2007ರಲ್ಲಿ ಜೆಕ್ ತಜ್ಞ ಕೊವಾರ್ಜಿಕ್ ಇದನ್ನು ಹಾಟೆಂಟೋಟಾ ಕುಲದೊಳಗಿಟ್ಟು ಉಪಪ್ರಭೇದಗಳನ್ನು ಕೈಬಿಟ್ಟರು. ಪುಣೆಯ ಸಂಶೋಧಕರು ಇದರ ಬಳಗವಾದ ಬ್ಯೂಥಿಡೇ ಕುಟುಂಬದ ಭಾರತೀಯ ಚೇಳುಗಳ ಮೊದಲ ಡಿಎನ್‌ಎ ವಂಶವೃಕ್ಷವನ್ನು 2017ರಲ್ಲಿ ಪ್ರಕಟಿಸಿದ ಮೇಲೆ ಚರ್ಚೆ ರೂಪಲಕ್ಷಣದಿಂದ ವಂಶವಾಹಿಯತ್ತ ತಿರುಗಿತು.

ಕರಿಚೇಳುಗಳ ಪಟ್ಟಿ ಬದಲಾದದ್ದು 2020ರಲ್ಲಿ. ಸಂಶೋಧಕರಾದ ಪ್ರೆಂಡಿನಿ ಮತ್ತು ಲೋರಿಯಾ ಇವುಗಳ ಹೆಟೆರೊಮೆಟ್ರಸ್ ಕುಲವನ್ನು ಒಡೆದು, ಭಾರತದ ಹಲವು ಪ್ರಭೇದಗಳನ್ನು ಡೆಕ್ಕನೊಮೆಟ್ರಸ್, ಸಹ್ಯಾದ್ರಿಮೆಟ್ರಸ್ ಮುಂತಾದ ಹೊಸ ಕುಲಗಳಿಗೆ ಸೇರಿಸಿದರು. ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಫಿಪ್ಸನ್ ಹೆಸರು ಹೊತ್ತ ಚೇಳು ಈಗ ಡೆಕ್ಕನೊಮೆಟ್ರಸ್ ಫಿಪ್ಸೋನಿ. ಹೀಗಾಗಿ ಹಳೆಯ ಮತ್ತು ಹೊಸ ಪಟ್ಟಿಗಳನ್ನು ನೇರವಾಗಿ ಹೋಲಿಸಲಾಗದು.

ಹೆಸರಿನ ಈ ಸಿಕ್ಕು ವೈದ್ಯಕೀಯಕ್ಕೂ ಮುಟ್ಟುತ್ತದೆ. ಗಾತ್ರದಲ್ಲಿ ದೊಡ್ಡದಾದ ಕರಿಚೇಳಿನ ಕುಟುಕು ನೋವು ಕೊಟ್ಟರೂ ಸಾಮಾನ್ಯವಾಗಿ ಪ್ರಾಣಾಪಾಯ ತರದು. ಸಣ್ಣ ಇಕ್ಕಳದ ಕೆಂಪು ಚೇಳಿನ ವಿಷ ನರಗಳನ್ನು ಕೆರಳಿಸಿ, ಅಡ್ರಿನಲಿನ್‌ನಂಥ ರಾಸಾಯನಿಕಗಳನ್ನು ಉಕ್ಕಿಸಿ, ಹೃದಯವನ್ನು ದಣಿಸುತ್ತದೆ; ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಪುಣೆಯಲ್ಲಿ ವೈದ್ಯಶಿಕ್ಷಣ ಪಡೆದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ರಾಯಗಡ ಜಿಲ್ಲೆಯ ಮಹಾಡ್‌ನಲ್ಲಿ 1980ರ ದಶಕದಲ್ಲಿ ಪ್ರಾಜೋಸಿನ್ ಔಷಧದ ಬಳಕೆಯನ್ನು ರೂಢಿಗೆ ತಂದ ಮೇಲೆ ಸಾವುಗಳು ತೀವ್ರವಾಗಿ ಇಳಿದವು. ಹಾಫ್‌ಕಿನ್ ಸಂಸ್ಥೆಯ ಪ್ರತಿವಿಷವೂ ಬಳಕೆಯಲ್ಲಿದೆ. ಬಾವಸ್ಕರ್ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಚಿಕಿತ್ಸಾ ಲೇಖನಗಳಲ್ಲಿ ಬರುವ ಬ್ಯೂಥಸ್ ಟಾಮುಲಸ್, ಮೆಸೋಬ್ಯೂಥಸ್ ಟಾಮುಲಸ್, ಹಾಟೆಂಟೋಟಾ ಟಾಮುಲಸ್ ಎಂಬ ಮೂರೂ ಹೆಸರುಗಳು ಒಂದೇ ಕೆಂಪು ಚೇಳಿನವು.